ಸೆರಗಿನ ತುಂಡು

ಸಾಹೇಬರ ಮಗಳು ಮಿಸ್ಸಿಬಾಬಾ ಇವತ್ತು ಗಂಟನ್ನು ಎರಡು ಸಲ ಹಾಕಿದ್ದಳು. ತನ್ನ ಫ್ರಾಕಿನ ನಡುಪಟ್ಟಿಯನ್ನು ಆಯಾ ಜೋಹರಾಳ ಸೆರಗಿನ ತುದಿಗೆ ಸುತ್ತಿ ಎಳೆದು, ಅದು ಸಾಲದೆಂದು ಹಲ್ಲಿನಿಂದ ಕಚ್ಚಿ ಬಿಗಿದು, ಅದರ ಮೇಲೆ ಇನ್ನೊಂದು ಹಾಕಿ, ಆ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ಹೊರಳಿ ಮಲಗಿದ್ದಳು. ಮನೆಯೊಳಗೆ ಪೆಟ್ಟಿಗೆಗಳು ತೆರೆದುಕೊಂಡ ದಿನದಿಂದ ಅವಳಿಗೆ ಇದೊಂದು ಆಟ ಹತ್ತಿಕೊಂಡಿತ್ತು. ಆಟವೆಂದೇ ಜೋಹರಾ ತಿಳಿದಿದ್ದಳು, ಅಥವಾ ಹಾಗೆ ತಿಳಿದುಕೊಳ್ಳುವುದು ಅನುಕೂಲವಾಗಿತ್ತು. ಮಂಚದ ಪಕ್ಕ ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಸೆರಗು ಜಗ್ಗದಂತೆ ಒಂದು ಭುಜವನ್ನು ಸ್ವಲ್ಪ ಎತ್ತಿ ಕೂತಿದ್ದಳು. ಏಡನ್ನಿನ ಮಧ್ಯಾಹ್ನದಲ್ಲಿ ಗಾಳಿಯೆಂಬುದೇ ಇರಲಿಲ್ಲ. ಪಂಖಾ ಎಳೆಯುವವನು ಊಟಕ್ಕೆ ಹೋಗಿದ್ದ. ಕಿಟಕಿಯ ತಟ್ಟಿಯ ಸಂದಿನಿಂದ ಕರಿಯ ಬೆಟ್ಟ ಕಾಣುತ್ತಿತ್ತು. ಹುಲ್ಲುಕಡ್ಡಿಯೂ ಇಲ್ಲದ, ಒಲೆಯಿಂದ ಹೊರಗೆ ತೆಗೆದಿಟ್ಟಂತಹ ಬೆಟ್ಟ. ಬಂದ ಹೊಸತರಲ್ಲಿ ಅದನ್ನು ನೋಡಿ, ಬಾದಾಮಿಯ ಕೆಂಪು ಬಂಡೆಗಳು ಸತ್ತರೆ ಹೀಗಾಗುತ್ತವೇನೋ ಎಂದುಕೊಂಡಿದ್ದಳು. ಈಗ ಏನೂ ಅನಿಸುತ್ತಿರಲಿಲ್ಲ. ವರ್ಷ ತುಂಬುತ್ತ ಬಂದಿತ್ತು.

ನಾಳೆ ಸಂಜೆ ಹಡಗು. ಬೆಳಿಗ್ಗೆ ಮೇಮಸಾಹೇಬರು ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿಸಿ, ಪೆಟ್ಟಿಗೆಯಲ್ಲಿ ಉಣ್ಣೆಯ ಬಟ್ಟೆಗಳನ್ನು ಇಡುತ್ತ ಹೇಳಿದ್ದರು. ಅವರದು ಹಿಂದುಸ್ತಾನಿ, ಆಳುಗಳಿಗೆ ಆಜ್ಞೆ ಕೊಡಲು ಕಲಿತದ್ದು. ಅದರಲ್ಲಿ ಬಾ, ಹೋಗು, ತಾ, ಇಡು ಎನ್ನುವುದು ಬಿಟ್ಟು ಬೇರೆ ಮಾತು ಬಂದರೆ ತಡವರಿಸುತ್ತಿದ್ದರು. ಮಿಸ್ಸಿಬಾಬಾ ಪಾದ್ರಿಯ ಹೆಂಡತಿಯ ಜೊತೆ ವಿಲಾಯಿತಿಗೆ, ಅಜ್ಜಿಯ ಊರಿನ ಶಾಲೆಗೆ. ಸಾಹೇಬರು, ಮೇಮಸಾಹೇಬರು, ತೊಟ್ಟಿಲಿನ ಬಾಬಾ ಮುಂದಿನ ಹಡಗಿನಲ್ಲಿ ಮುಂಬಯಿಗೆ, ಅವರ ಜೊತೆಗೆ ಜೋಹರಾ. ಮುಂಬಯಿಯಿಂದ ರೈಲು, ಬಾಗಲಕೋಟೆಯ ಸ್ಟೇಶನ್ನು, ಅಲ್ಲಿಂದ ಗಾಡಿ, ಹುನಗುಂದ, ಆಮೇಲೆ ಇಳಕಲ್ಲು. 'ನಿನ್ನ ಕೈ ಇಲ್ಲದೆ ಅವಳು ಮಲಗುವುದಿಲ್ಲ. ಹಡಗಿನವರೆಗೆ ಹೋಗು. ಕೋಣೆಯಲ್ಲಿ ಮಲಗಿಸು. ನಿದ್ದೆ ಹತ್ತಿದ ಮೇಲೆ ಇಳಿದು ಬಾ, ಕೆಳಗೆ ದೋಣಿ ಇರುತ್ತದೆ. ಅಲ್ಲಿಯವರೆಗೆ ನೀನೂ ಜೊತೆಗೆ ಬರುತ್ತೀ ಅಂತ ಹೇಳು.' ಒಂದು ಸಣ್ಣ ಉಣ್ಣೆಯ ಅಂಗಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು. 'ನನ್ನನ್ನೂ ಹೀಗೇ ಕಳಿಸಿದ್ದರು, ಬಳ್ಳಾರಿಯಿಂದ. ನನಗೇನೂ ಆಗಲಿಲ್ಲ.' ಆಮೇಲೆ, ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ ಮೇಲೆ, ದನಿ ಬೇರೆಯಾಯಿತು. 'ಹಡಗಿನ ಮೇಲೆ ಜನರ ಮುಂದೆ ಕೂಗಾಟ ಆಗಬಾರದು. ಕೂಗಾಟವಾದರೆ ನೀನು ನಮ್ಮ ಜೊತೆ ಬರುವ ಮಾತು ಬಿಡು.' ಜೋಹರಾ 'ಜೀ ಮೇಮಸಾಬ' ಅಂದಿದ್ದಳು. ಅಷ್ಟು ಬೇಗ ಅಂದಿದ್ದಳು, ಹೋಗಿ ಮಗುವಿಗೂ ಜೊತೆಗೆ ಬರುತ್ತೇನೆ ಎಂದಿದ್ದಳು. ಆ 'ಜೀ' ಬೆಳಗಿನಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು.

ಬಹಳ ವರ್ಷಗಳ ಹಿಂದೆ ಹೀಗೇ ಭುಜ ಎತ್ತಿ ಕೂತಿದ್ದವಳು ತಾಯಿಯ ಕಡೆಯ ಚಿಕ್ಕಮ್ಮ, ಅಮೀನಬಿ ಖಾಲಾ. ಹುನಗುಂದದ ಅತ್ತೆಯ ಮನೆಯ ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಹಾಸಿದ ಕೌದಿ, ಮೂಲೆಯಲ್ಲಿ ಬುಡ್ಡಿಯ ದೀಪ, ಚೀಲದ ವಾಸನೆ. ಜೋಹರಾಳಿಗೆ ಇನ್ನೂ ಬಾಯಲ್ಲಿ ಹಾಲುಹಲ್ಲು ಒಂದೆರಡು ಇದ್ದವು, ಮದುವೆಯಾಗಿತ್ತು. ಅತ್ತೆಯ ಮನೆಗೆ ಮೊದಲ ಸಲ ಹೋಗುವ ಸಣ್ಣ ಹುಡುಗಿಯ ಬೆನ್ನಿಗೆ ತವರಿನ ಹೆಂಗಸೊಬ್ಬಳು ಬಂದು, ನಾಲ್ಕಾರು ದಿನ ಇದ್ದು, ಹುಡುಗಿ ಮಲಗಿದಾಗ ಸದ್ದಿಲ್ಲದೆ ಎದ್ದು ಹೋಗುವುದು ಅವರ ಕಡೆಯ ಪದ್ಧತಿ. ಎಲ್ಲ ಹುಡುಗಿಯರಿಗೂ ಅದು ಗೊತ್ತು, ಯಾವ ಹುಡುಗಿಗೂ ಅದು ಯಾವ ದಿನ ಎಂದು ಗೊತ್ತಿಲ್ಲ. ಜೋಹರಾ ದಿನವೂ ತನ್ನ ಸೆರಗನ್ನು ಖಾಲಾನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದಳು. ಖಾಲಾ ನಗುತ್ತಿದ್ದಳು, 'ಹಾಕ, ಹಾಕ, ಬಿಗೀ ಹಾಕ' ಅನ್ನುತ್ತಿದ್ದಳು, ತಾನೇ ಬೆರಳು ಕೊಟ್ಟು ಒತ್ತಿ ಹಿಡಿಯುತ್ತಿದ್ದಳು. ಒಂದು ಬೆಳಿಗ್ಗೆ ಎದ್ದಾಗ ಗಂಟು ಹಾಗೇ ಇತ್ತು. ಗಂಟಿನ ಆಚೆ ಕೆಂಪು ರೇಶಿಮೆಯ ಸೆರಗು ಇತ್ತು, ಅದರಲ್ಲಿ ಬಿಳಿಯ ತೆನೆಯ ಸಾಲು ಇತ್ತು, ಅರ್ಧ ತೆನೆಗೆ ಬಂದು ಸೆರಗು ಮುಗಿದಿತ್ತು. ಖಾಲಾನ ಸೊಂಟದ ಚೀಲದಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತು ಯಾವಾಗಲೂ ಇರುತ್ತಿತ್ತು. ಅದರಿಂದಲೇ ಕತ್ತರಿಸಿದ್ದಳು, ಅಂಚು ಇಲಿ ಕಡಿದಂತೆ ಇತ್ತು.

ಅತ್ತೆ ಈ ಕಥೆಯನ್ನು ಬಂದವರಿಗೆಲ್ಲ ಎಷ್ಟು ವರ್ಷ ಹೇಳಿದಳು. 'ಈಕೀನ್ನ ಬಿಟ್ಟ ಹೋಗಾಕ ಇಳಕಲ್ಲ ಸೀರಿ ಕೊಯ್ದಾಳ್ರೀ ಅಮೀನಬಿ! ಅಂಥಾ ಸೀರಿ!' ಕೇಳಿದವರು ಸೀರೆಗೆ ಅಯ್ಯೋ ಅನ್ನುತ್ತಿದ್ದರು. ಆಮೇಲೆ ಜೋಹರಾಳ ಕಡೆ ನೋಡಿ, ನಿನ್ನ ಮೇಲೆ ಎಷ್ಟು ಜೀವ ಇರಬೇಕು ಅವಳಿಗೆ ಅನ್ನುತ್ತಿದ್ದರು. ಇರಬಹುದು. ಖಾಲಾ ಪ್ಲೇಗಿನಲ್ಲಿ ಹೋದಳು, ಅದೇ ಪ್ಲೇಗಿನಲ್ಲಿ ಜೋಹರಾಳ ಗಂಡನೂ ಹೋದ. ಕೇಳುವವರು, ಹೇಳುವವರು ಇಬ್ಬರೂ ಉಳಿಯಲಿಲ್ಲ. ಗಂಡ ಒಳ್ಳೆಯವನು. ಆದರೆ ಅವನ ಮನೆಯಲ್ಲಿದ್ದಷ್ಟು ದಿನವೂ ಅವನು ಮಲಗಿದ ಮೇಲೆಯೇ ಅವಳಿಗೆ ನಿದ್ದೆ. ಒಮ್ಮೆ ಅವನು ಕತ್ತಲಲ್ಲಿ ಕಣ್ಣು ಬಿಟ್ಟು, 'ಏನ ನೋಡಾಕತ್ತಿ?' ಎಂದು ಕೇಳಿದ್ದ. ಏನೂ ಇಲ್ಲ ಅಂದಿದ್ದಳು. ಏನೂ ಇರಲಿಲ್ಲ ಕೂಡ. ಅವನು ಇದ್ದಾನೋ ಎಂದು ನೋಡುತ್ತಿದ್ದಳು, ಅಷ್ಟೆ.

ಮಂಚದ ಮೇಲೆ ಮಗು ಕಾಲು ಸರಿಸಿತು. ಸೆರಗು ಜಗ್ಗಿತು, ಜೋಹರಾ ಭುಜವನ್ನು ಇನ್ನಷ್ಟು ಎತ್ತಿದಳು. ಈ ಕೈ ಇಲ್ಲದೆ ಮಲಗುವುದಿಲ್ಲವಂತೆ. ಮೇಮಸಾಹೇಬರು ಅದನ್ನು ಮಗುವಿನ ಹಟ ಎಂದುಕೊಂಡಿದ್ದರು. ಹಟವಲ್ಲ ಎಂಬುದು ಈ ಮನೆಯಲ್ಲಿ ಜೋಹರಾಳೊಬ್ಬಳಿಗೇ ಗೊತ್ತಿತ್ತು. ಏಡನ್ನಿಗೆ ಹೊರಡುವ ಮುಂಚೆ ಹಳೆಯ ಆಯಾ ಸಮುದ್ರದ ಕರಿಯ ನೀರು ದಾಟುವುದಿಲ್ಲ ಎಂದಾಗ, ಅಡಿಗೆಯ ಖಾದರಬಾಷಾ ಇವಳನ್ನು ಇಳಕಲ್ಲಿನಿಂದ ಬಾಗಲಕೋಟೆಯ ಬಂಗಲೆಗೆ ಕರೆತಂದು ನಿಲ್ಲಿಸಿದ್ದ. ಒಂದು ವರ್ಷದ ಕರಾರು, ಹೋಗಿ ಬರುವ ಖರ್ಚು ಸಾಹೇಬರದೇ. ಇಲ್ಲಿಗೆ ಬಂದ ಮೊದಲ ವಾರವೇ ಇನ್ನೊಂದು ಬಂಗಲೆಯ ಮೇಮು ಬಂದು, ಇಂಗ್ಲಿಷು ಬಲ್ಲ ಗೋವೆಯ ಆಯಾ ಒಬ್ಬಳಿದ್ದಾಳೆಂದು ಹೇಳಿಹೋದಳು. ಅವರಿಬ್ಬರೂ ಮಾತಾಡುತ್ತ ಜೋಹರಾಳ ಬರಿಗಾಲನ್ನು ನೋಡಿದ್ದರು, ಆಮೇಲೆ ಅವಳ ಉಗುರುಗಳನ್ನು. ಕೈ ತೋರಿಸು ಅಂದರು. ತೋರಿಸಿದಳು, ಅಂಗೈ, ಹಿಂಗೈ, ಶಾಲೆಯ ಹುಡುಗರ ಹಾಗೆ. ಗುರುತಿನವರು ಒಬ್ಬರೂ ಇಲ್ಲದ ಊರು, ಕುಡಿಯುವ ನೀರನ್ನೂ ಸಮುದ್ರದಿಂದ ಕಾಸಿ ತೆಗೆಯುವ ಊರು; ಇಲ್ಲಿ ಕೆಲಸ ಬಿಡಿಸಿದರೆ ಎಲ್ಲಿಗೆ? ಆ ರಾತ್ರಿ ಮಗುವನ್ನು ಮಲಗಿಸುವಾಗ ಅವಳ ಬಾಯಿ ತಾನಾಗಿ ಹೇಳಿತು: ಆ ಕರೀ ಗುಡ್ಡದಾಗ ಗುಮ್ಮ ಅದಾನ. ಆಯಾನ ಕೈ ಹಿಡಿದು ಮಲಗಿದ ಹುಡುಗರನ್ನು ಅವನು ಮುಟ್ಟುವುದಿಲ್ಲ. ಬೇರೆ ಯಾರ ಕೈಯೂ ನಡೆಯುವುದಿಲ್ಲ, ಅಮ್ಮನದೂ. ಮಗು ಅವಳ ಕೈಯನ್ನು ಕೆನ್ನೆಯ ಕೆಳಗೆ ಎಳೆದುಕೊಂಡಿತು.

ಆಮೇಲೊಮ್ಮೆ ಮೇಮಸಾಹೇಬರು ತಾವೇ ಮಲಗಿಸುತ್ತೇವೆಂದು ಬಂದರು. ಜೋಹರಾ ಹೊರಗಿನ ಕಟ್ಟೆಯಲ್ಲಿ ಕೂತು ಕೇಳಿದಳು: ಮೊದಲು ಹಾಡು, ಆಮೇಲೆ ಮಗುವಿನ ಕೊಸರಾಟ, ಆಮೇಲೆ ಕಿರುಚು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ಮೇಮಸಾಹೇಬರು ಒಳಗೆ ಕೈ ತೋರಿಸಿ ಹೊರಟುಹೋದರು. ಅವರ ಜಡೆ ಬಿಚ್ಚಿತ್ತು, ಕೆನ್ನೆಯ ಮೇಲೆ ಉಗುರಿನ ಗೆರೆ ಇತ್ತು. ಮಗುವಿನ ಕೆನ್ನೆಯ ಕೆಳಗೆ ಕೈ ಇಟ್ಟ ಕೂಡಲೇ ಅದು ತಣ್ಣಗಾಯಿತು. ಆಗ ಜೋಹರಾಳ ಬಾಯಲ್ಲಿ ಬೆಲ್ಲದ ಚೂರು ಇಟ್ಟಂತಾಯಿತು. ಆ ಸಿಹಿ ಅವಳಿಗೆ ಇವತ್ತಿಗೂ ನೆನಪಿದೆ, ನೆನೆದಾಗೆಲ್ಲ ಬಾಯಿ ತೊಳೆದುಕೊಳ್ಳಬೇಕು ಅನಿಸುತ್ತದೆ. ಗೋವೆಯವಳ ಮಾತು ಮತ್ತೆ ಬರಲಿಲ್ಲ. ಖಾಲಾ ಆದರೋ ಗಂಟಿಗೆ ಬೆರಳು ಒತ್ತಿದ್ದಳು ಅಷ್ಟೇ. ಇಲ್ಲಿ ಗಂಟು ಹಾಕಿದವಳೇ ತಾನು.

ಗಂಟು ಹಾಕುವುದು ಪದ್ಮವ್ವನಿಗೆ ಆಗಿಬರುತ್ತಿರಲಿಲ್ಲ. ಇಳಕಲ್ಲಿನಲ್ಲಿ, ಗಂಡ ಸತ್ತು ತವರಿಗೆ ಬಂದ ಮೇಲೆ, ಜೋಹರಾ ಕೆಲಸಕ್ಕೆ ಕೂತದ್ದು ಪದ್ಮವ್ವನ ಪಡಸಾಲೆಯಲ್ಲಿ. ಅಲ್ಲಿ ಸೀರೆಯ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಕೊಂಡಿ ಹಾಕುವ ಕೆಲಸ: ನೂಲಿನ ಎಳೆಯ ತುದಿಯನ್ನು ಮಡಿಸಿ, ರೇಶಿಮೆಯ ಎಳೆಯ ಮಡಿಕೆಯೊಳಗೆ ತೂರಿಸಿ, ಒಂದನ್ನು ಒಂದು ಹಿಡಿದುಕೊಳ್ಳುವಂತೆ ಬಿಡುವುದು, ಹಾಗೆ ಅಗಲದ ಉದ್ದಕ್ಕೂ. ಅವಸರಕ್ಕೆ ಯಾರಾದರೂ ಎರಡು ಎಳೆ ಸೇರಿಸಿ ಗಂಟು ಹಾಕಿದರೆ ಪದ್ಮವ್ವನ ಬೆರಳು ಕಣ್ಣು ಮುಚ್ಚಿಕೊಂಡೇ ಅದರ ಮೇಲೆ ಹೋಗಿ ನಿಲ್ಲುತ್ತಿತ್ತು. 'ಇದೇನ ದನಾ ಕಟ್ಟಿದಂಗ ಕಟ್ಟೀಯವಾ? ತಗಿ, ತಗಿ.' ಈ ಕೆಲಸವನ್ನು ಜೋಹರಾ ಇಲ್ಲಿ ಬಣ್ಣದ ನೂಲಿನಲ್ಲಿ ಮಿಸ್ಸಿಬಾಬಾಳಿಗೆ ಕಲಿಸಿದ್ದಳು, ಹೊರಗೆ ಕಾಲಿಡಲಾಗದ ಬಿಸಿಲಿನ ಹೊತ್ತಿನಲ್ಲಿ, ಕುರ್ಚಿಯ ಎರಡು ಕಾಲುಗಳ ನಡುವೆ ಎಳೆ ಕಟ್ಟಿ. ಮಗುವಿನ ಬೆರಳು ಚುರುಕು. ಅದರ ನಾಲಗೆ ಇನ್ನೂ ಚುರುಕು: ಬಾಗಲಕೋಟೆಯ ಬಂಗಲೆಯಲ್ಲಿ ಹುಟ್ಟಿ, ಮಾಲಿಯ ಹೆಂಡತಿ ಹನಮವ್ವನ ಮಕ್ಕಳ ಜೊತೆ ಮಣ್ಣಿನಲ್ಲಿ ಬೆಳೆದದ್ದು. ಅಮ್ಮನ ಹತ್ತಿರ ಇಂಗ್ಲಿಷು, ಉಳಿದದ್ದೆಲ್ಲ ಹನಮವ್ವನ ಮನೆಯ ಮಾತು.

'ಏ ಜೋಹರಾ, ಕೂತಲ್ಲೇ ನಿದ್ದಿ ಹೊಡ್ಯಾಕತ್ತೀಯೇನ?'

ಖಾದರಬಾಷಾ ಹಿತ್ತಲ ಬಾಗಿಲಿನಿಂದ ಬಂದು ಹೊಸ್ತಿಲ ಆಚೆ ಕುಕ್ಕರಗಾಲಿನಲ್ಲಿ ಕೂತ. ಕೆರೂರಿನವನು, ಅವಳಿಗಿಂತ ಬಹಳ ಹಿರಿಯ, ಗಡ್ಡಕ್ಕೆ ಗೋರಂಟಿ ಹಚ್ಚುತ್ತಿದ್ದ. ಅವರಿಬ್ಬರೂ ಮನೆಯಲ್ಲಿ ಉರ್ದು ಆಡುವವರೇ. ಆದರೆ ಮೇಮಸಾಹೇಬರಿಗೆ ಹಿಂದುಸ್ತಾನಿ ತಿಳಿಯುವುದರಿಂದ ಈ ಬಂಗಲೆಯಲ್ಲಿ ಗುಟ್ಟಿನ ಮಾತಿಗೆಲ್ಲ ಕನ್ನಡವೇ. ಸಾಹೇಬರಿಗೆ ಅದು ಬರುತ್ತಿತ್ತು, ಅವರು ಹಗಲು ಮನೆಯಲ್ಲಿರುತ್ತಿರಲಿಲ್ಲ. ಈ ಭಾಷೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಅಡಿಗೆಮನೆಯ ಸಕ್ಕರೆಯಿಂದ ಮೇಮಸಾಹೇಬರ ಮೂಗಿನವರೆಗೆ ಏನು ಬೇಕಾದರೂ ಆಡಬಹುದಿತ್ತು. ವರ್ಷವಿಡೀ ಹಾಗೇ ಆಡಿದ್ದರು.

'ಇಲ್ಲಣ್ಣ, ಎಚ್ಚರದೇನಿ. ಏಳಾಕ ಬರಂಗಿಲ್ಲ. ನೋಡಿಲ್ಲಿ, ದನಾ ಕಟ್ಟಿದಂಗ ಕಟ್ಯಾಳ.'

ಅವನು ಇಣುಕಿ ನೋಡಿ ಹಲ್ಲು ಕಿರಿದ. 'ಬಳ್ಳಾರಿ ಕಲ್ಲೆಕ್ಟರನ ಮೊಮ್ಮಗಳಲ್ಲೇನು, ಬೇಡಿ ಹಾಕೂದು ರಕ್ತದಾಗ ಐತಿ. ಮೇಮು ಏನಂದ್ಳು ಬೆಳಿಗ್ಗಿ? ಬಾಗಲಾ ಹಾಕಿಸಿದ್ಳಲ್ಲ.'

ಜೋಹರಾ ಹೇಳಿದಳು. ಮೆಲ್ಲಗೆ, ಒಂದೇ ಉಸಿರಿನಲ್ಲಿ, ಹಡಗು, ಕೋಣೆ, ನಿದ್ದೆ, ದೋಣಿ ಎಲ್ಲವನ್ನೂ. ಖಾದರಬಾಷಾ ಇದರಲ್ಲೇನಿದೆ ಎಂಬಂತೆ ಕೇಳಿದ.

'ಅಷ್ಟೇ ಹೌದಿಲ್ಲೋ? ನಿದ್ದಿ ಹತ್ತಿದ ಮ್ಯಾಲ ಗಪ್ಪನ ಇಳದ ಬಾ. ಎಲ್ಲಾರೂ ಹಂಗ ಮಾಡೂದು.'

'ಎಲ್ಲಾರೂ ಮಾಡ್ತಾರಂತ ನಾನೂ ಮಾಡಬೇಕೇನ?'

'ಮತ್ತೇನ ಮಾಡ್ತಿ? ಆಕಿಗಿ ಹೇಳ್ತಿ? ಹೇಳಿದ್ರ ಊರ ಎದ್ದ ಕುಂದರೂಹಂಗ ಚೀರತಾಳ. ಆಮ್ಯಾಲ ನಿನ್ನ ಇಲ್ಲೇ ಬಿಟ್ಟ ಹೋಗ್ತಾರ ನೋಡ. ಆ ಬಂದರದಾಗ ಒಬ್ಬಾಕಿ ಕುಂತಿರ್ತಾಳಲ್ಲ, ಯಾವ ಹಡಗ ಬಂದ್ರೂ ಎದ್ದ ನಿಂತ ಸಲಾಮ ಮಾಡ್ತಾಳಲ್ಲ, ಆಕೀನೂ ಯಾವದೋ ಮೇಮು ಬಿಟ್ಟ ಹೋದ ಆಯಾ. ಕಂಡೀಯಿಲ್ಲ?'

ಕಂಡಿದ್ದಳು. ಮುದುಕಿಯೇನಲ್ಲ. ಒಮ್ಮೆ ಆ ಹೆಂಗಸು ಜೋಹರಾಳ ಸೀರೆಯನ್ನು ಬೆರಳಿನಿಂದ ಮುಟ್ಟಿ ನೋಡಿ ನಕ್ಕಿದ್ದಳು. ಜೋಹರಾ ಸೆರಗು ಎಳೆದುಕೊಂಡು ಬೇಗ ಬೇಗ ನಡೆದುಬಂದಿದ್ದಳು.

'ನೀ ಏನ ಆಕೀನ ಹಡದೀಯೇನ?' ಖಾದರಬಾಷಾನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. 'ಅಲ್ಲಿ ಹೋಗಿ ಗೌನ ಹಾಕ್ಕೊಂಡು, ಮ್ಯಾಂವ ಮ್ಯಾಂವ ಅಂತ ಇಂಗ್ರೇಜಿ ಕಲತು, ಒಂದ ವರ್ಷಕ್ಕ ನಿನ್ನ ಹೆಸರಾ ಮರೀತಾಳ. ನಾ ಕರಕೊಂಡ ಬಂದಾಂವ ಅದೇನಿ. ನಿನ್ನ ಇಳಕಲ್ಲಿಗಿ ಮುಟ್ಟಿಸಲಿಲ್ಲಂದ್ರ ನಿಮ್ಮಣ್ಣಗ ನಾ ಏನ ಹೇಳ್ಲಿ? ಒಂದ ಕತ್ತರಿ ತಂದ ಕೊಡ್ತೇನಿ. ಹಡಗಿನ್ಯಾಗ ಹಿಂಗ ಗಂಟ ಹಾಕಿದ್ಲಂದ್ರ ಕಚಕ್ಕನ ಕೊಯ್ದ ಬಾ.'

'ಸೆರಗು ಕೊಯ್ಯಲೇನ?'

'ಆಕಿ ಪಟ್ಟಿ ಕೊಯ್ಯ. ಸೆರಗ್ಯಾಕ ಕೊಯ್ತಿ ಹುಚ್ಚಿ.' ಎದ್ದು, ಮೊಣಕಾಲು ಹಿಡಿದುಕೊಂಡು, 'ಸಾರಿಗಿ ಒಗ್ಗರಣಿ ಹಾಕಬೇಕು' ಎಂದು ಗೊಣಗುತ್ತ ಹೋದ.

ಅವನು ಹೋದ ಮೇಲೆ ಕೋಣೆ ಬಹಳ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಏನೋ ಕಡಿಮೆಯಾಗಿತ್ತು. ಏನೆಂದು ಜೋಹರಾಳಿಗೆ ಕೂಡಲೇ ಹೊಳೆಯಲಿಲ್ಲ. ಆಮೇಲೆ ತಿಳಿಯಿತು: ಮಗುವಿನ ಉಸಿರಿನ ಸದ್ದು ಇರಲಿಲ್ಲ. ಉಸಿರು ಬಿಗಿಹಿಡಿದಿತ್ತು. ಮಂಚದ ಮೇಲೆ ಗಂಟನ್ನು ಹಿಡಿದ ಮುಷ್ಟಿಯ ಗೆಣ್ಣುಗಳು ಬೆಳ್ಳಗಾಗಿದ್ದವು. ತಾವು ವರ್ಷವಿಡೀ ಹಾಕಿಕೊಂಡು ಕೂತ ಬಾಗಿಲಿನ ಒಳಗೇ ಈ ಮಗು ಇತ್ತು, ಮೊದಲಿನಿಂದಲೂ. ಸಕ್ಕರೆಯ ಮಾತು, ಮೂಗಿನ ಮಾತು, ಎಲ್ಲ ಕೇಳಿದೆ, ಒಂದನ್ನೂ ಅಮ್ಮನ ಮುಂದೆ ಹೇಳಿಲ್ಲ.

ಮಗು ಹೊರಳಿತು. ಕಣ್ಣಿನಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

'ಆಯಾ, ನಾ ಮಲಗಿದಾಗ ನೀ ಹೋಗ್ತೀಯಂತ?'

ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಇಲ್ಲವಾ, ನಾ ಎಲ್ಲಿ ಹೋಗ್ತೇನಿ, ಖಾದರಣ್ಣ ಚೇಷ್ಟಿ ಮಾಡ್ತಾನ. ಎಷ್ಟು ಸುಲಭದ ಮಾತು. ಹೇಳಿದರೆ ಮಗು ನಂಬುತ್ತದೆ. ನಂಬದಿದ್ದರೂ ನಂಬಿದಂತೆ ಮಾಡುತ್ತದೆ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತದೆ, ನಾಳೆ ರಾತ್ರಿ ಹಡಗಿನಲ್ಲಿ ನಿದ್ದೆಯನ್ನು ತಡೆಯುವಷ್ಟು ತಡೆದು ಕೊನೆಗೆ ಸೋಲುತ್ತದೆ. ಮಕ್ಕಳು ಸೋಲಲೇಬೇಕು, ಅವಕ್ಕೆ ನಿದ್ದೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಇರುತ್ತದೆ ಗಂಟು, ಹಾಗೇ, ಬಿಗಿಯಾಗಿ. ಬಂದರಿನ ಹೆಂಗಸು ಕಣ್ಣ ಮುಂದೆ ಎದ್ದು ನಿಂತು ಸಲಾಮು ಮಾಡಿದಳು. ಇಳಕಲ್ಲಿನ ಓಣಿ, ಮಗ್ಗದ ಸದ್ದು, ಪದ್ಮವ್ವನ ಪಡಸಾಲೆಯಲ್ಲಿ ತನ್ನ ಜಾಗ, ಎಲ್ಲ ಒಂದೇ ಸಲ ಹತ್ತಿರ ಬಂದವು, ಮುಟ್ಟುವಷ್ಟು ಹತ್ತಿರ. ಅವನ್ನು ಅಲ್ಲಿಯೇ ಇರಗೊಟ್ಟು, ಜೋಹರಾ ಬಾಯಿ ತೆರೆದಳು.

'ಹೌದು. ಹಂಗ ಮಾಡಂತ ಹೇಳ್ಯಾರ.'

ಮಗು ನೋಡುತ್ತಲೇ ಇತ್ತು.

'ನಾ ನಿನ್ನ ಜೋಡಿ ವಿಲಾಯಿತಿಗಿ ಬರೂದಿಲ್ಲ. ಬರ್ತೇನಿ ಅಂತ ಅಂದಿದ್ದು ಸುಳ್ಳು. ಗುಡ್ಡದಾಗ ಗುಮ್ಮ ಅದಾನ ಅಂದೆನಲ್ಲ, ಅದೂ ಸುಳ್ಳು. ಗುಡ್ಡದಾಗ ಬರೇ ಕಲ್ಲ ಅದಾವು. ಕೈ ಹಿಡಿದ್ರೂ ಅಷ್ಟ, ಬಿಟ್ಟರೂ ಅಷ್ಟ.'

'ಮತ್ತ ಯಾಕ ಹೇಳಿದಿ?'

'ನನಗ ಅಂಜಿಕಿ ಬಂದಿತ್ತು. ನೀ ನನ್ನ ಬಿಟ್ಟಿ ಅಂದ್ರ ನನ್ನ ಈ ಊರಾಗ ಹೊರಗ ಹಾಕ್ತಾರಂತ.'

ಅದು ಮಗುವಿಗೆ ಎಷ್ಟು ತಿಳಿಯಿತೋ. ಅದರ ಮುಖ ಮೊದಲು ಕೆಂಪಾಯಿತು, ಆಮೇಲೆ ತುಟಿ ಅಡ್ಡಡ್ಡ ಹಿಗ್ಗಿತು. ಖಾದರಬಾಷಾ ಹೇಳಿದ ಹಾಗೆ ಊರು ಎದ್ದು ಕೂರುವಂತೆ ಕಿರುಚಲಿಲ್ಲ. ಜೋಹರಾಳ ಕೈಯನ್ನು ಎಳೆದುಕೊಂಡು ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿ ಕಚ್ಚಿತು, ಬಿಡದೆ ಕಚ್ಚಿತು. ಕಚ್ಚಲಿ. ಕಣ್ಣಲ್ಲಿ ನೀರು ಬಂದರೂ ಜೋಹರಾ ಕೈ ಹಿಂದೆಗೆಯಲಿಲ್ಲ. ಅದು ಬಿಟ್ಟ ಮೇಲೆ, ಇನ್ನೊಂದು ಕೈಯನ್ನು ಚಾಚಿ, ಚಾಪೆಯ ತಲೆಗಡೆ ಇದ್ದ ತನ್ನ ಬಟ್ಟೆಯ ಗಂಟನ್ನು ಹತ್ತಿರ ಎಳೆದಳು. ತಡಕಿ, ತಳದಿಂದ ಆ ತುಂಡನ್ನು ತೆಗೆದಳು. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಯಾರಿಗೂ ತೋರಿಸಿರಲಿಲ್ಲ. ಯಾಕೆ ಇಟ್ಟುಕೊಂಡಿದ್ದಾಳೆಂದು ತನಗೂ ಹೇಳಿಕೊಂಡಿರಲಿಲ್ಲ.

'ನಾ ಸಣ್ಣಾಕಿ ಇದ್ದಾಗ ನಾನೂ ನಮ್ಮ ಖಾಲಾಗ ಹಿಂಗ ಗಂಟ ಹಾಕಿದ್ದೆ. ನಾ ಮಲಗಿದಾಗ ಆಕಿ ಕೊಯ್ಕೊಂಡ ಹೋದ್ಳು. ಇಷ್ಟ ಉಳೀತು.'

ಮಗು ಅಳುತ್ತಲೇ ಆ ತುಂಡನ್ನು ತೆಗೆದುಕೊಂಡು, ಇಲಿ ಕಡಿದಂತಹ ಅಂಚಿನ ಮೇಲೆ ಬೆರಳಾಡಿಸಿತು. ಅರ್ಧದಲ್ಲಿ ನಿಂತ ತೆನೆಯ ಮೇಲೆ ಅದರ ಬೆರಳು ನಿಂತಿತು. 'ಉಳಿದಿದ್ದು ಎಲ್ಲೈತಿ?'

'ಗೊತ್ತಿಲ್ಲ. ಆಕಿ ಉಟ್ಟಕೊಂಡ ಹೋದ್ಳು.'

'ಬಾಗಿಲು ಯಾಕೆ ತೆರೆದಿದೆ?' ಎಂದು ಹಿಂದುಸ್ತಾನಿಯಲ್ಲಿ ಕೇಳುತ್ತ ಮೇಮಸಾಹೇಬರು ಹೊಸ್ತಿಲಿಗೆ ಬಂದರು. ಮಗುವಿನ ಮುಖ ನೋಡಿದರು, ಜೋಹರಾಳ ಕೈಯ ಮೇಲಿನ ಹಲ್ಲಿನ ಗುರುತು ನೋಡಿದರು. ಕೇಳಬೇಕಾದ್ದು ಉಳಿಯಲಿಲ್ಲವೆಂದು ಅವರ ಮುಖದಲ್ಲಿ ಕಾಣಿಸಿತು; ಆದರೂ ಕೇಳಿದರು. 'ಏನು ಹೇಳಿದೆ ಅವಳಿಗೆ?'

ಜೋಹರಾ ಏಳಲು ನೋಡಿದಳು, ಸೆರಗು ಜಗ್ಗಿತು. ಮೇಮಸಾಹೇಬರ ಮುಂದೆ ಕೂತುಕೊಂಡೇ ಮಾತಾಡಿದ್ದು ಈ ವರ್ಷದಲ್ಲಿ ಅದೇ ಮೊದಲು. 'ಖರೆ ಹೇಳಿದೆ ಮೇಮಸಾಬ. ಹಡಗಿಗೆ ಬರುತ್ತೇನೆ. ಕೈ ಹಿಡಿದುಕೊಂಡು ಮೇಲಿನವರೆಗೆ ಹೋಗುತ್ತೇನೆ. ಅವಳು ಎಚ್ಚರ ಇರುವಾಗ, ಅವಳು ನೋಡುತ್ತಿರುವಾಗ ಇಳಿಯುತ್ತೇನೆ. ಅಳುತ್ತಾಳೆ. ಜನ ನೋಡುತ್ತಾರೆ. ನೋಡಲಿ.' ಹಿಂದುಸ್ತಾನಿಯಲ್ಲಿ ಇಷ್ಟು ಉದ್ದದ ಮಾತನ್ನು ಅವರ ಮುಂದೆ ಆಡಿರಲಿಲ್ಲ.

'ಹಾಗಾದರೆ ನಿನ್ನ ದಾರಿ ನೀನು ನೋಡಿಕೋ' ಎಂದರು ಮೇಮಸಾಹೇಬರು.

'ಜೀ' ಅಂದಳು ಜೋಹರಾ. ಈ 'ಜೀ' ಗಂಟಲಲ್ಲಿ ನಿಲ್ಲಲಿಲ್ಲ. ಬಂದರು ಕಣ್ಣ ಮುಂದೆ ಬಂತು, ಹೋಯಿತು. ಊರು ನಡೆದು ಹೋಗಲಾರದ ದೂರವೆಂಬುದು ಗೊತ್ತಿತ್ತು. ಆದರೆ ಹಜ್ಜಿನಿಂದ ಮುಂಬಯಿಗೆ ಮರಳುವ ಹಾಜಿಗಳ ಹಡಗು ಬರುತ್ತದೆ. ಅದರಲ್ಲಿ ಹೆಂಗಸರಿರುತ್ತಾರೆ, ಮಕ್ಕಳಿರುತ್ತವೆ, ಕಾಯಿಲೆಯಾದ ಮುದುಕಿಯರಿರುತ್ತಾರೆ. ಕೈಯಿದೆ. ಕೇಳಿದವರಿಗೆ ಅಂಗೈ ಹಿಂಗೈ ತೋರಿಸಿದರಾಯಿತು. ಖಾದರಣ್ಣ ಬೈಯುತ್ತಾನೆ, ಬೈದು ಯಾರನ್ನಾದರೂ ವಿಚಾರಿಸುತ್ತಾನೆ. ಒಂದು ತಿಂಗಳು ತಡವಾಗಿ ಮುಟ್ಟಿದರೆ ಪದ್ಮವ್ವ ಏನನ್ನುತ್ತಾಳೆ, ಎಲ್ಲಿ ಹಾಳಾಗಿ ಹೋಗಿದ್ದೆವಾ ಅನ್ನುತ್ತಾಳೆ.

ಮೇಮಸಾಹೇಬರು ಹೋಗಲಿಲ್ಲ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಮಗುವಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಮೃದುವಾಗಿಯೇ. ಮಗು ಮೂಗು ಒರೆಸಿಕೊಂಡು ಎದ್ದು ಕೂತು, ತೊಡೆಯ ಮೇಲೆ ಗಂಟನ್ನು ಎಳೆದುಕೊಂಡು, ಅಮ್ಮನ ಕಡೆ ನೋಡದೆ ಹೇಳಿತು:

'ಇದನ್ನ ನಾನ ಬಿಚ್ಚತೇನಿ. ಯಾರೂ ಮುಟ್ಟಬ್ಯಾಡ್ರಿ.'

ಮೇಮಸಾಹೇಬರು ಜೋಹರಾಳ ಕಡೆ ತಿರುಗಿದರು. ತಿರುಗಲೇಬೇಕಾಯಿತು. 'ಏನಂತಾಳೆ?'

ಜೋಹರಾ ಹೇಳಿದಳು. ಅದನ್ನು ಹೇಳುವಾಗ ಆ ಹಳೆಯ ಬೆಲ್ಲದ ರುಚಿ ಬರುತ್ತದೇನೋ ಎಂದು ಹೆದರಿದಳು, ಬರಲಿಲ್ಲ.

ಗಂಟು ಬೆವರಿಗೆ, ಎಂಜಲಿಗೆ ಬಿಗಿದು ಕಲ್ಲಾಗಿತ್ತು. ಮಗು ಉಗುರಿನಿಂದ ಕೆರೆಯಿತು, ಹಲ್ಲು ಹಾಕಿತು, ತಪ್ಪು ಎಳೆಯನ್ನು ಜಗ್ಗಿ ಇನ್ನಷ್ಟು ಬಿಗಿ ಮಾಡಿತು. ಯಾವ ಎಳೆಯನ್ನು ಹಿಂದಕ್ಕೆ ತಳ್ಳಿದರೆ ಸಡಿಲವಾಗುತ್ತದೆಂದು ಜೋಹರಾಳಿಗೆ ಕಾಣುತ್ತಿತ್ತು. ಒಂದೇ ಒಂದು ಎಳೆ, ಆ ಕೆಳಗಿನದು. ಅವಳ ಬೆರಳುಗಳು ತಾವಾಗಿ ಏಳತೊಡಗಿದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತಳು. ಕಚ್ಚಿದ ಜಾಗ ಚಾಪೆಗೆ ಒತ್ತಿ ಉರಿಯಿತು.

'ಆಯಾ, ಬೆರಳ ನೋಯ್ತಾವ.'

'ಹೂಂ. ನೋಯ್ತಾವ.'

ಬಾಗಿಲಲ್ಲಿ ಬಟ್ಟೆ ಸರಿದ ಸದ್ದಾಯಿತು. ಮೇಮಸಾಹೇಬರು ಕೈ ಮುಂದೆ ಮಾಡಿ ಮಂಚದ ಕಡೆ ಒಂದು ಹೆಜ್ಜೆ ಇಟ್ಟಿದ್ದರು. 'ಬ್ಯಾಡ್ರಿ' ಅಂದಳು ಜೋಹರಾ, ತಾನು ಯಾವ ಭಾಷೆಯಲ್ಲಿ ಅಂದೆನೆಂಬುದು ಅವಳಿಗೆ ಆಮೇಲೆ ಹೊಳೆಯಿತು. ಮೇಮಸಾಹೇಬರು ನಿಂತರು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡರು. ಮಗು ತಲೆ ಬಗ್ಗಿಸಿ, ನಾಲಗೆಯನ್ನು ತುಟಿಯ ಮೂಲೆಗೆ ತಂದು, ಕೆಳಗಿನ ಎಳೆಯನ್ನು ಹುಡುಕುತ್ತಿತ್ತು.